ದುಃಖದ ಮನೆಯಲ್ಲಿ ರೇಡಿಯೋ ಹಚ್ಚಬಾರದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬ ಹಿರಿಯರು ಬರೆದಿದ್ದನ್ನು ಓದಿದೆ. ಅವರ ಓಣಿಯಲ್ಲಿ ಒಂದು ಸಾವಾಗಿ ಇನ್ನೂ ತಿಂಗಳು ತುಂಬಿಲ್ಲವಂತೆ, ಆಗಲೇ ಆ ಮನೆಯಿಂದ ಸಂಗೀತ ಕೇಳಿಸುತ್ತಿದೆಯಂತೆ, ಈಗಿನ ಮಂದಿಗೆ ಸತ್ತವರ ಮೇಲೆ ಪ್ರೀತಿಯೇ ಇಲ್ಲ ಅಂತ ಬರೆದಿದ್ದರು. ಅವರು ನೊಂದುಕೊಂಡೇ ಬರೆದಿರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಓದಿದ ಮೇಲೆ ಎರಡು ದಿನ ನನಗೆ ಸಮಾಧಾನ ಆಗಲಿಲ್ಲ. ಅಂಥದೇ ಒಂದು ಮನೆ ನಮ್ಮದು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ನಮ್ಮ ಮನೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. ದಿನವೆಲ್ಲ ಕಬ್ಬಿಣದ ಸಪ್ಪಳ ಕೇಳುವ ಕಿವಿ. ಸಂಜೆ ಮನೆಗೆ ಬಂದು ಕೈಗೆ ಹತ್ತಿದ ಗ್ರೀಸನ್ನು ಮೊದಲು ಸೀಮೆಎಣ್ಣೆಯಿಂದ ಉಜ್ಜಿ, ಆಮೇಲೆ ಸಾಬೂನು ಹಚ್ಚಿ ತೊಳೆದು, ಟವೆಲ್ಲಿನಲ್ಲಿ ಬೆರಳುಬೆರಳಿನ ಸಂದಿ ಒರೆಸಿಕೊಂಡು, ಅದಾದ ಮೇಲೆಯೇ ರೇಡಿಯೋ ಮುಟ್ಟುತ್ತಿದ್ದರು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿಯಲ್ಲಿ. ಇವರು ಹುಟ್ಟಿದ್ದೂ ಅದೇ ವರ್ಷ. 'ನಾನೂ ಅದೂ ಒಂದ ವಾರಿಗಿಯವರು' ಅಂತಿದ್ದರು. ಸಂಗೀತ ಕಲಿತವರಲ್ಲ. ಸರಿಗಮ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಕೇಳುವುದು ಅಂದರೆ ಇವರು ಕೇಳಬೇಕು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹಾಡು ಬಂತೆಂದರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವ ಹಾಗಿರಲಿಲ್ಲ.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ತೀರಿಕೊಂಡರು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಆ ರಾತ್ರಿ ಓಣಿಯ ಭಜನಾ ಮಂಡಳಿಯವರು ಬಂದರು. ಪೇಟಿ (ಹಾರ್ಮೋನಿಯಂ), ತಬಲಾ, ತಾಳ ಇಟ್ಟುಕೊಂಡು ಬೆಳಗಿನ ತನಕ ತತ್ವಪದ ಹಾಡಿದರು. ಶಿಶುನಾಳ ಶರೀಫರ ಪದಗಳನ್ನೂ ಹಾಡಿದರು. ಸಾವಿನ ಮನೆಯಲ್ಲಿ ಅಷ್ಟು ಹೊತ್ತು ಹಾಡು ಇತ್ತು. ಆ ರಾತ್ರಿ ನಾನು ಹೇಗೆ ಕಳೆದೆ ಅಂತ ಈಗ ನೆನಪಿಸಿಕೊಂಡರೆ ಪೇಟಿಯ ದನಿಯೇ ನೆನಪಾಗುತ್ತದೆ, ಉಳಿದಿದ್ದು ಮಸುಕು ಮಸುಕು. ಬೆಳಿಗ್ಗೆ ಮಣ್ಣು ಮಾಡಿ ಬಂದರು. ಅಲ್ಲಿಂದ ಮನೆ ಪೂರ್ತಿ ಮೌನ. ಐದಾರು ದಿನ ಆದ ಮೇಲೆ ಸಂಜೆ ನಾನು ಸುಮ್ನೆ ರೇಡಿಯೋ ಕಡೆ ಕೈ ಮಾಡಿದೆ. ನಾದಿನಿ ಓಡಿ ಬಂದು ಕೈ ಹಿಡಿದಳು. 'ವೈನಿ, ವರ್ಷಾಂತಿಕ ಆಗೋತನಕ ರೇಡಿಯೋ ಹಚ್ಚಬ್ಯಾಡ್ರಿ, ಮಂದಿ ಏನಂದಾರು' ಅಂದಳು. ಅವಳೇ ಒಂದು ಹಳೆಯ ಟವೆಲ್ ತಂದು ರೇಡಿಯೋ ಮೇಲೆ ಮುಚ್ಚಿದಳು. ಅವಳು ಒಳ್ಳೆಯವಳು. ಅಣ್ಣನ ಮೇಲೆ ಜೀವ ಇಟ್ಟುಕೊಂಡಿದ್ದವಳು. ಅವಳಿಗೆ ತಿಳಿದ ಮರ್ಯಾದೆ ಅದು.

ಆ ಟವೆಲ್ ಎಂಟು ತಿಂಗಳು ಹಾಗೇ ಇತ್ತು.

ಸಂಜೆ ಆರರಿಂದ ಏಳು ಗಂಟೆ ಕಳೆಯುವುದು ಎಷ್ಟು ಕಷ್ಟ ಅಂತ ಒಂಟಿ ಆದವರಿಗೇ ಗೊತ್ತು. ಬೆಳಿಗ್ಗೆ ಕೆಲಸ ಇರುತ್ತೆ, ಮಧ್ಯಾಹ್ನ ಯಾರಾದರೂ ಬರುತ್ತಾರೆ, ರಾತ್ರಿ ಗುಳಿಗೆ ನುಂಗಿ ಮಲಗಬಹುದು. ಸಂಜೆಗೆ ಏನೂ ಇಲ್ಲ. ನಲವತ್ತು ವರ್ಷ ಆ ಹೊತ್ತಿಗೆ ಸೀಮೆಎಣ್ಣೆ ವಾಸನೆ, ಸಾಬೂನಿನ ವಾಸನೆ, ಆಮೇಲೆ ತಂಬೂರಿಯ ಶ್ರುತಿ ಇದ್ದ ಮನೆಯಲ್ಲಿ ಏನೂ ಇಲ್ಲ ಅಂದರೆ ಕಿವಿಯೇ ನೋಯುತ್ತದೆ. ಬಂದವರೆಲ್ಲ 'ದೇವರ ನಾಮಸ್ಮರಣೆ ಮಾಡ್ರಿ' ಅಂದರು. ಸಂಗೀತ ಕೇಳ್ರಿ ಅಂತ ಒಬ್ಬರೂ ಅನ್ನಲಿಲ್ಲ.

ಅವರ ಟ್ರಂಕು ಸ್ವಚ್ಛ ಮಾಡುವಾಗ ಒಂದು ಪುಸ್ತಕ ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿ, ಮಕ್ಕಳ ಶಾಲೆಪುಸ್ತಕಕ್ಕೆ ಹಾಕುವ ಹಾಗೆ ಅಂಚು ಮಡಚಿ ಕವರ್ ಹಾಕಿದ್ದರು. ಗಂಗೂಬಾಯಿಯವರ ಆತ್ಮಕಥೆ, 'ನನ್ನ ಬದುಕಿನ ಹಾಡು'. ಇವರು ಅದನ್ನು ಓದುತ್ತಿದ್ದದ್ದು ನನಗೆ ನೆನಪಿದೆ, ನಾನು ಮುಟ್ಟಿರಲಿಲ್ಲ. ದೊಡ್ಡವರ ಕಥೆ ನಮಗ್ಯಾಕೆ ಅಂದುಕೊಂಡಿದ್ದೆ. ಪದ್ಮಭೂಷಣ, ಪದ್ಮವಿಭೂಷಣ, ಇಂಥವೇ ಇರುತ್ತವೆ ಅಂದುಕೊಂಡಿದ್ದೆ. ಕೂತು ಓದಿದರೆ ಅದು ಬೇರೆಯೇ. ಒಬ್ಬ ತಾಯಿ, ಒಬ್ಬ ಮಗಳು, ಒಬ್ಬ ಗುರು, ಕಳೆದುಕೊಂಡದ್ದು, ಕಳೆದುಕೊಂಡ ಮೇಲೂ ಹಾಡಿದ್ದು.

ನನಗೆ ಎಲ್ಲಕ್ಕಿಂತ ಜಾಸ್ತಿ ತಾಗಿದ್ದು ಅವರ ತಾಯಿ ಅಂಬಾಬಾಯಿಯವರ ವಿಷಯ. ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಸುಮ್ನೆ ಮನೆಮಟ್ಟಿಗೆ ಹಾಡುವವರಲ್ಲ. ದೊಡ್ಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಮನೆಗೆ ಹೋಗಿ ಕೂತು ಆಕೆಯ ಹಾಡು ಕೇಳುತ್ತಿದ್ದರು. ಮಗಳಿಗೆ ಹಿಂದೂಸ್ತಾನಿ ಕಡೆ ಒಲವು ಅಂತ ಗೊತ್ತಾಯಿತು. ಎರಡೂ ಪದ್ಧತಿ ಒಂದೇ ಮನೆಯಲ್ಲಿ ಕಿವಿಗೆ ಬಿದ್ದರೆ ಹುಡುಗಿಯ ಹಾಡು ಕಲಬೆರಕೆ ಆದೀತು ಅಂತ ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಇದನ್ನು ಓದಿ ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ನಿಂತೆ. ಸಣ್ಣವರಿದ್ದಾಗಿನಿಂದ ಹಾಡಿಕೊಂಡು ಬಂದದ್ದನ್ನು, ತನ್ನದು ಅಂತ ಇದ್ದ ಒಂದೇ ಒಂದನ್ನು, ಮಗಳ ಕಿವಿಗೋಸ್ಕರ ಬಿಡುವುದು. ಪ್ರೀತಿ ಅಂದರೆ ಇದು ಅಲ್ವಾ? ಆ ತಾಯಿ ಜಾಸ್ತಿ ದಿನ ಬದುಕಲೂ ಇಲ್ಲ. 1932ರಲ್ಲಿ ತೀರಿಕೊಂಡರು. ಗಂಗೂಬಾಯಿಗೆ ಆಗ ಹತ್ತೊಂಬತ್ತು ವರ್ಷ. ಯಾರಿಗೋಸ್ಕರ ತಾಯಿ ಹಾಡು ಬಿಟ್ಟಳೋ ಆ ಮಗಳು ದೊಡ್ಡ ಗಾಯಕಿ ಆದದ್ದನ್ನು ಆ ತಾಯಿ ನೋಡಲಿಲ್ಲ. ಆಗ ಆ ಮಗಳೂ ಹಾಡು ನಿಲ್ಲಿಸಿಬಿಟ್ಟಿದ್ದರೆ ತಾಯಿ ಬಿಟ್ಟುಕೊಟ್ಟದ್ದಕ್ಕೆ ಏನು ಬೆಲೆ ಉಳಿಯುತ್ತಿತ್ತು?

ಮಾವಿನಕಾಯಿಯ ಮಾತನ್ನೂ ಹೇಳಬೇಕು. ಗಂಗೂಬಾಯಿ ಸಣ್ಣವರಿದ್ದಾಗ ಧಾರವಾಡದಲ್ಲಿ ಪಕ್ಕದ ಶ್ರೀಮಂತರ ಹಿತ್ತಲಿಗೆ ಹೋಗಿ ಮಾವಿನಕಾಯಿ ಹರಿದುಕೊಂಡು ಬರುತ್ತಿದ್ದರಂತೆ. ಮನೆಯವರು ಕೂಗಾಡಿದ್ದು ಕಾಯಿ ಕದ್ದಳು ಅಂತ ಅಲ್ಲ, ಹಾಡುವವಳ ಮಗಳು ನಮ್ಮ ಹಿತ್ತಲಿಗೆ ಕಾಲಿಟ್ಟಳು ಅಂತ. ಮುಂದೆ ಅದೇ ಮಂದಿ ಮನೆಗೆ ಕರೆದು ಊಟಕ್ಕೆ ಹಾಕಿದರು ಅಂತ ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಇವರೂ ಒಬ್ಬರು. ಹನ್ನೊಂದು ವರ್ಷದ ಹುಡುಗಿ. ಮೊದಮೊದಲ ಗ್ರಾಮೊಫೋನ್ ಪ್ಲೇಟುಗಳ ಮೇಲೆ ಅವರ ಹೆಸರು ಗಾಂಧಾರಿ ಅಂತ ಇದೆ, ಗಂಗೂಬಾಯಿ ಅಂತ ಅಲ್ಲ. ಗಂಡಸರು ಹಾಡಿದರೆ ಪಂಡಿತರು, ಉಸ್ತಾದರು ಆಗುತ್ತಾರೆ, ನಾವು ಹೆಂಗಸರು ಬಾಯಿಗಳಾಗಿಯೇ ಉಳಿಯುತ್ತೇವೆ ಅಂತ ಅವರು ನೇರವಾಗಿ ಹೇಳುತ್ತಿದ್ದರು. ನನಗೂ ಸಣ್ಣಾಕೆ ಇದ್ದಾಗ ಹಾಡು ಕಲಿಯುವ ಆಸೆ ಇತ್ತು. ನಮ್ಮ ಅಪ್ಪ ಒಂದೇ ಮಾತು ಅಂದರು, 'ಮರ್ಯಾದಿ ಮನಿ ಹೆಣ್ಣಮಕ್ಕಳು ಹಾಡಾಂಗಿಲ್ಲ'. ಆ ಮಾತಿಗೂ ನಾದಿನಿ ಹೊದಿಸಿದ ಟವೆಲ್ಲಿಗೂ ನಂಟಿದೆ ಅಂತ ನನಗೆ ಅನ್ನಿಸುತ್ತದೆ. ಹಾಡು ಅಂದರೆ ಮೋಜು, ಮೋಜು ಅಂದರೆ ಮರ್ಯಾದೆ ಇಲ್ಲದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ದುಃಖದ ಮನೆಯಲ್ಲಿ ಅದು ಬೇಡ ಅಂತೇವೆ.

ಆಮೇಲೆ ಕುಂದಗೋಳ. ಗುರು ಸವಾಯಿ ಗಂಧರ್ವರು ಅಲ್ಲಿದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತು ರಾತ್ರಿ ವಾಪಸ್ ಬರುತ್ತಿದ್ದರು. ಮನೆ, ಮಕ್ಕಳು, ಸಂಸಾರದ ಖರ್ಚು ಎಲ್ಲಾ ತಲೆಯ ಮೇಲೆ. ಗುರುಗಳು ಒಂದೊಂದು ಸ್ವರವನ್ನೂ ಜಿಪುಣ ದುಡ್ಡು ಬಿಚ್ಚುವ ಹಾಗೆ ಖರ್ಚು ಮಾಡು ಅಂತ ಕಲಿಸಿದರಂತೆ. ಇದು ನಮ್ಮ ಮನೆಯವರಿಗೆ ಬಹಳ ಇಷ್ಟವಾದ ಮಾತು, ಸಂಬಳದ ದಿನ ನನಗೆ ದುಡ್ಡು ಕೊಡುವಾಗಲೂ ಹೇಳುತ್ತಿದ್ದರು. ಗಂಗೂಬಾಯಿಯವರ ಹಾಡು ಕೇಳಿದರೆ ಆ ಮಾತು ಕಣ್ಣಿಗೆ ಕಟ್ಟುತ್ತದೆ. ಅವಸರವೇ ಇಲ್ಲ. ಒಂದು ಸ್ವರ ಇಟ್ಟರೆ ಅದು ಪೂರ್ತಿ ನೆಲಕ್ಕೆ ಊರುವ ತನಕ ಇನ್ನೊಂದು ಇಡುವುದಿಲ್ಲ.

ಅವರ ದನಿಯ ಕಥೆಯೂ ದುಃಖದ್ದೇ. ಮೊದಲು ತೆಳುವಾದ ಎತ್ತರದ ದನಿ ಇತ್ತು, ಆ ಗಾಂಧಾರಿ ಪ್ಲೇಟುಗಳಲ್ಲಿ ಕೇಳಿದರೆ ಬೇರೆ ಯಾರೋ ಅನ್ನಿಸುತ್ತದೆ. ಟಾನ್ಸಿಲ್ ಆಪರೇಷನ್ ಆದ ಮೇಲೆ ಗಂಟಲು ಬದಲಾಯಿತು. ಗಂಡಸರು ಹಾಡುತ್ತಿದ್ದಾರೆ ಅಂತ ಕೇಳಿದವರು ತಪ್ಪು ತಿಳಿಯುವಷ್ಟು ಗಡಸಾಯಿತು. ಹಾಡುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಏನಿದೆ ಹೇಳಿ? ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಇವರು ಇದ್ದ ದನಿಯಲ್ಲೇ ಹಾಡಿದರು. ಇವತ್ತು ಗಂಗೂಬಾಯಿ ಅಂದರೆ ನಮ್ಮ ಕಿವಿಗೆ ಬರುವುದು ಆ ಎರಡನೇ ದನಿಯೇ.

ಸಂಸಾರದ ಬಗ್ಗೆ ನಾನು ಜಾಸ್ತಿ ಹೇಳಲಾರೆ, ಅವರವರ ಮನೆಯ ಮಾತು. ಹದಿನಾರನೇ ವಯಸ್ಸಿಗೆ ಗುರುರಾವ್ ಕೌಲಗಿಯವರ ಜೊತೆ ಬದುಕು ಕೂಡಿತು. ಅವರು ಬ್ರಾಹ್ಮಣರು, ವಕೀಲಿ ಓದಿದವರು. ಇವರು ಹಾಡುವ ಮನೆತನದವರು. ಕೊನೆಯ ತನಕ ಇವರ ಹೆಸರಿನಲ್ಲಿ ಉಳಿದದ್ದು ತಾಯಿ ಕಡೆಯ ಊರು ಹಾನಗಲ್ಲ. ಮೂವರು ಮಕ್ಕಳು. ಮಗಳು ಕೃಷ್ಣಾ ತಾಯಿಯ ಹಿಂದೆ ಕೂತು ವರ್ಷಗಟ್ಟಲೆ ದನಿಗೂಡಿಸಿದವರು. ತಾಯಿಯ ಗಡಸು ದನಿಯ ಜೊತೆ ಮಗಳ ತಿಳಿ ದನಿ. ಮೇಲಿನ ಸ್ವರಗಳಲ್ಲಿ ಮಗಳು ಬಂದು ಸೇರುವಾಗ ನಮ್ಮ ಮನೆಯವರು ಕಣ್ಣು ಮುಚ್ಚಿ ಬೆರಳು ಮೇಲೆ ಎತ್ತುತ್ತಿದ್ದರು.

2004ರಲ್ಲಿ ಆ ಮಗಳು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದು ಈ ಪುಸ್ತಕದಲ್ಲಿ ಇಲ್ಲ, ಪುಸ್ತಕ ಬಂದದ್ದು ಅದಕ್ಕೆ ಮೊದಲು. ಅದರ ಹಿಂದಿನ ವರ್ಷ ಅಷ್ಟೇ ಗಂಗೂಬಾಯಿ ತಾವೂ ಕ್ಯಾನ್ಸರ್‌ನಿಂದ ಪಾರಾಗಿ ಬಂದಿದ್ದರು. ತಾಯಿ ಉಳಿದರು, ಮಗಳು ಹೋದರು. ಕೊನೆಯ ಪುಟ ಮುಚ್ಚಿದ ಮೇಲೆ ನನಗೆ ಇದೇ ಯೋಚನೆ. ತೊಂಬತ್ತು ದಾಟಿದ ತಾಯಿ. ಬೆನ್ನ ಹಿಂದೆ ಸದಾ ಇದ್ದ ದನಿ ಇಲ್ಲ. ಇನ್ನು ಹಾಡಬೇಡಿ ಅಂತ ಯಾರಾದರೂ ಅಂದಿದ್ದರೆ ಅದು ತಪ್ಪು ಅಂತಲೂ ಹೇಳಲಾಗದು. ಆದರೆ 2006ರ ಮಾರ್ಚಿನಲ್ಲಿ, ಹಾಡಲು ಶುರು ಮಾಡಿ ಎಪ್ಪತ್ತೈದು ವರ್ಷವಾದ ಹೊತ್ತಿಗೆ, ಅವರು ಮತ್ತೆ ಕೂತು ಹಾಡಿದರು. ಅದೇ ಅವರ ಕೊನೆಯ ಕಛೇರಿ. 2009ರ ಜುಲೈ 21ರಂದು ನಮ್ಮ ಹುಬ್ಬಳ್ಳಿಯಲ್ಲೇ ಹೋದರು. ಮಗಳ ಮೇಲೆ ಪ್ರೀತಿ ಇಲ್ಲದೆ ಆ ತಾಯಿ ಹಾಡಿದರು ಅಂತ ನಮ್ಮ ಪತ್ರದ ಹಿರಿಯರು ಹೇಳುತ್ತಾರೆಯೇ? ಹೇಳಲಾರರು. ಹಾಗಾದರೆ ಅವರ ಓಣಿಯ ಆ ಮನೆಯವರಿಗೆ ಯಾಕೆ ಬೇರೆ ಲೆಕ್ಕ?

ಪುಸ್ತಕ ಮುಗಿದ ಸಂಜೆಯೇ ನಾನು ಟವೆಲ್ ತೆಗೆದೆ. ರೇಡಿಯೋ ಹಚ್ಚಲಿಲ್ಲ, ಕ್ಯಾಸೆಟ್ ಹುಡುಕಿದೆ. ಬಹಳ ಹಿಂದೆ ನಮ್ಮ ಮನೆಯಲ್ಲಿ ರೇಡಿಯೋ, ಟೇಪ್ ಎರಡೂ ಕೂಡಿದ ಟೂ-ಇನ್-ಒನ್ ಇರಲಿಲ್ಲ. ನಮ್ಮ ಅಣ್ಣನ ಟೇಪ್ ರೆಕಾರ್ಡರ್ ಒಂದು ದಿನದ ಮಟ್ಟಿಗೆ ಕೇಳಿ ತಂದು, ರೇಡಿಯೋದ ಮುಂದೆ ಇಟ್ಟು, ಗಂಗೂಬಾಯಿಯವರ ಮಾರ್ವಾ ರಾಗವನ್ನು ನಮ್ಮ ಮನೆಯವರು ತುಂಬಿಕೊಂಡಿದ್ದರು. ಹಾಗೆ ತುಂಬಿದ್ದರಿಂದ ಮನೆಯ ಸಪ್ಪಳವೂ ಒಳಗೆ ಸೇರಿದೆ. ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ 'ಮಾರ್ವಾ, ಇದರ ಮ್ಯಾಲೆ ಏನೂ ತುಂಬಬಾರದು' ಅಂತ ಇವರ ಅಕ್ಷರ. ರೀಲು ಸಡಿಲಾಗಿತ್ತು, ಪೆನ್ಸಿಲ್ ಹಾಕಿ ತಿರುಗಿಸಿ ಬಿಗಿ ಮಾಡಿದೆ. ಹಚ್ಚಿದೆ. ವಿಲಂಬಿತ, ಅಂದರೆ ಮೊದಲಿನ ನಿಧಾನದ ಭಾಗ, ಶುರುವಾಗಿ ಸ್ವಲ್ಪ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯುತ್ತದೆ, ಅದು ನನ್ನ ಕುಕ್ಕರ್. ಅದರ ಹಿಂದೆಯೇ ಇವರು 'ಶ್!' ಅನ್ನುತ್ತಾರೆ. ಅಷ್ಟೇ. ಮಾತಲ್ಲ, ಹೆಸರು ಕರೆದದ್ದಲ್ಲ, ಬರೀ ಒಂದು 'ಶ್'. ಆವತ್ತು ಅದಕ್ಕೆ ನಾನು ಮುನಿಸಿಕೊಂಡು ಸಾರಿಗೆ ಒಗ್ಗರಣೆ ಹಾಕದೆ ಕೂತಿದ್ದೆ.

ಎಂಟು ತಿಂಗಳಲ್ಲಿ ನಾನು ಸರಿಯಾಗಿ ಅತ್ತಿದ್ದು ಆವತ್ತು. ಅತ್ತ ಮೇಲೆ ಹಸಿವಾಯಿತು. ಎದ್ದು ರೊಟ್ಟಿ ಮಾಡಿಕೊಂಡು ಉಂಡೆ. ಇದನ್ನು ಅನುಭವಿಸದವರಿಗೆ ಸಣ್ಣ ಮಾತು ಅನ್ನಿಸಬಹುದು. ಅಲ್ಲ. ಮೌನ ನನ್ನನ್ನು ಅಳಲೂ ಬಿಟ್ಟಿರಲಿಲ್ಲ, ಉಣ್ಣಲೂ ಬಿಟ್ಟಿರಲಿಲ್ಲ.

ಮಾರ್ವಾ ಸಂಜೆಯ ರಾಗ. ಅದರಲ್ಲಿ ಪಂಚಮ, ಅಂದರೆ 'ಪ' ಸ್ವರ, ಇಲ್ಲ. ಹಾಡು ಮರಳಿ ಬಂದು ನಿಲ್ಲುವ ಷಡ್ಜಕ್ಕೂ, ಅಂದರೆ 'ಸ'ಕ್ಕೂ, ಬೇಗ ಬರುವುದಿಲ್ಲ, ಸುತ್ತಮುತ್ತ ಅಲೆಯುತ್ತಲೇ ಇರುತ್ತದೆ ಅಂತ ತಿಳಿದವರು ಹೇಳುತ್ತಾರೆ. ನಮ್ಮ ಮನೆಯವರು ತಮ್ಮ ಭಾಷೆಯಲ್ಲಿ 'ಮನಿಗೆ ಬರಾಕ ದಾರಿ ಹುಡುಕೋ ರಾಗ' ಅಂತಿದ್ದರು. ಈಗ ಸಂಜೆ ಆರಕ್ಕೆ ಅದನ್ನು ಕೇಳಿದರೆ ನನಗೆ ಯಾರ ದಾರಿ ಕಾಣುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಇದು ಹೊಸದೇನಲ್ಲ ಅನ್ನುವುದನ್ನು ಆ ಹಿರಿಯರಿಗೆ ನೆನಪು ಮಾಡಬೇಕು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಆಗಿ ಹಾಡಲಾಗದೆ ಇದ್ದವರು. ಅವರ ಶಿಷ್ಯರು ಏನು ಮಾಡಿದರು? ಪುಣ್ಯತಿಥಿಗೆ ಹಾಡಿದರು. ಭೀಮಸೇನ ಜೋಶಿಯವರು ಪುಣೆಯಲ್ಲಿ ಉತ್ಸವ ಶುರು ಮಾಡಿದರು. ಇಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಂಗೂಬಾಯಿಯವರೂ ಮುಂದೆ ನಿಂತು ನಡೆಸಿದರು. ನಾವಿಬ್ಬರೂ ಎಷ್ಟೋ ವರ್ಷ ಹೋಗಿದ್ದೇವೆ. ಸಂಜೆ ಪ್ಯಾಸೆಂಜರ್ ಹತ್ತಿ, ಬುತ್ತಿ ಕಟ್ಟಿಕೊಂಡು, ಜಮಖಾನೆಯ ಮೇಲೆ ಕಂಬಕ್ಕೆ ಒರಗಿ ಕೂತು ಬೆಳಗಿನ ತನಕ ಕೇಳಿದ್ದೇವೆ. ಹೊಲದಿಂದ ನೇರ ಬಂದವರು, ತಲೆಗೆ ರುಮಾಲು ಸುತ್ತಿದವರು ಪಕ್ಕದಲ್ಲಿ ಕೂತು ಸರಿಯಾದ ಜಾಗದಲ್ಲಿ 'ವಾಹ್' ಅನ್ನುತ್ತಿದ್ದರು. ಅದು ಒಬ್ಬರ ತಿಥಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಪುಣ್ಯತಿಥಿಗೂ ಹಾಡೇ. ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ ಮಾಡುವುದೂ ಅವರು ತೀರಿಕೊಂಡ ತಿಥಿಯಂದೇ. ಗುರುವಿನ ತಿಥಿಗೆ ಹಾಡಿದರೆ ಗೌರವ. ಗಂಡನ ನೆನಪಿಗೆ ಹೆಂಡತಿ ಕೇಳಿದರೆ ಅಗೌರವ ಹೇಗೆ? ಶರಣರು ಸೂತಕವನ್ನೇ ಒಪ್ಪಲಿಲ್ಲ ಅಂತ ಮಠದಲ್ಲಿ ಪುರಾಣ ಹೇಳುವಾಗ ನಾವೆಲ್ಲ ತಲೆ ಆಡಿಸುತ್ತೇವೆ. ಮನೆಗೆ ಬಂದ ಮೇಲೆ ಆ ಮಾತು ನಡೆಸಬೇಕು.

ದುಃಖ ಆದವರೆಲ್ಲ ಹಾಡು ಕೇಳಲೇಬೇಕು ಅಂತ ನಾನು ಹೇಳುತ್ತಿಲ್ಲ. ನನ್ನ ಮಗನಿಗೆ ಇನ್ನೂ ಆ ಕ್ಯಾಸೆಟ್ ಕೇಳಲು ಆಗುವುದಿಲ್ಲ, ಎದ್ದು ಹೊರಗೆ ಹೋಗುತ್ತಾನೆ. ಅವನದು ಅವನಿಗೆ. ಜೋರಾಗಿ ಸ್ಪೀಕರ್ ಹಚ್ಚಿ ಓಣಿಗೆಲ್ಲ ಕೇಳಿಸುವುದನ್ನೂ ನಾನು ಒಪ್ಪುವುದಿಲ್ಲ. ಆದರೆ ಒಬ್ಬ ಹೆಂಗಸು ತನ್ನ ಮನೆಯಲ್ಲಿ ಸಣ್ಣ ದನಿಯಲ್ಲಿ ರೇಡಿಯೋ ಹಚ್ಚಲು ವರ್ಷ ಕಾಯಬೇಕು, ಮಂದಿಗೆ ಹೆದರಬೇಕು ಅನ್ನುವುದು ಬೇಡ. ನನ್ನ ಎಂಟು ತಿಂಗಳು ಯಾರೂ ವಾಪಸ್ ಕೊಡುವುದಿಲ್ಲ.

ನಾದಿನಿ ಈಗಲೂ ವಾರಕ್ಕೊಮ್ಮೆ ಬರುತ್ತಾಳೆ. ಮೊದಲು ಹಾಡು ಕೇಳಿದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಂದು ದಿನ ಕೈಹಿಡಿದು ಕೂರಿಸಿ ಆ 'ಶ್' ಬರುವ ತನಕ ಕೇಳಿಸಿದೆ. 'ಅಣ್ಣ ಏನ್ರಿ ಅದು?' ಅಂದಳು. ಹೂಂ ಅಂದೆ. 'ಇನ್ನೊಮ್ಮೆ ಹಚ್ಚರಿ' ಅಂದಳು.

ಪತ್ರ ಬರೆದ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಓಣಿಯ ಆ ಮನೆಯಲ್ಲಿ ಹಾಡು ಕೇಳಿಸಿದರೆ ಒಂದು ಸಂಜೆ ಬಾಗಿಲು ಬಡಿದು ಒಳಗೆ ಹೋಗಿ ಕೂತುಕೊಳ್ಳಿ. ಯಾವ ಹಾಡು, ಯಾರಿಗೆ ಇಷ್ಟ ಇತ್ತು ಅಂತ ಕೇಳಿ. ಅವರು ಹೇಳುತ್ತಾರೆ. ಚಹಾ ಕೂಡ ಕೊಡುತ್ತಾರೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಹುಬ್ಬಳ್ಳಿ